ಎರಡನೇ ಕೀಲಿ

ತೀರ್ಥಹಳ್ಳಿಗೆ ರೈಲಿಲ್ಲ. ಆದರೂ ಆ ಕಡೆಯ ಮುಕುಂದಯ್ಯ ತಮ್ಮ ಇಡೀ ನೌಕರಿಯನ್ನು ಸ್ಟೇಷನ್ ಮಾಸ್ತರರಾಗಿಯೇ ಕಳೆದರು. ರೈಲು ಕಳಿಸಿ ಬಸ್ಸು ಹಿಡಿದು ಮನೆಗೆ ಹೋಗುವ ಮನುಷ್ಯ. ಆ ಬಸ್ಸಿಗೂ ಈ ಕಥೆಯಲ್ಲಿ ಒಂದು ಪಾಲಿದೆ, ಅದು ಆಮೇಲೆ.

ಮೊದಲು ಫೋನು ಬಂತು. ಗುರುವಾರ ಮಧ್ಯಾಹ್ನ ಜಟ್ಟಿಂಗಪ್ಪ ಉಂಡೆದ್ದು ಜಗಲಿಯಲ್ಲಿ ಎಲೆಯಡಿಕೆಯ ಕವಳ ಹಾಕುತ್ತ ಕೂತಿದ್ದ. ಅರವತ್ತೆಂಟು ವರ್ಷದ ಅವನಿಗೆ ಫೋನು ಮಾಡುವವರು ಇಬ್ಬರೇ, ಒಬ್ಬಳು ಶಿವಮೊಗ್ಗದ ಮಗಳು, ಇನ್ನೊಬ್ಬರು ಸಿಮ್ ಕಂಪನಿಯವರು. ಇದು ಮೂರನೆಯದು.

"ಜಟ್ಟೀ, ನಾನು ಕಣೋ, ಮುಕುಂದಯ್ಯ. ಭಾನುವಾರ ಸಾಗರಕ್ಕೆ ಬರ್ತಿದೀನಿ. ಆ ಹುಡುಗ್ರು ಗೂಡ್ಸ್ ಗಾಡಿ ನೆನಪು ಅಂತ ಎಂಥದೋ ಕಾರ್ಯಕ್ರಮ ಇಟ್ಕೊಂಡಿದಾರಲ್ಲ, ನಂಗೆ ಮಾತಾಡೋಕೆ ಹೇಳಿದಾರೆ. ನೀನೂ ಬರ್ಬೇಕು."

"ಬರ್ತೀನಿ ಮಾಸ್ಟ್ರೇ. ನಂಗೂ ಕಾಗ್ದ ಬಂದಿದೆ."

ಮುಕುಂದಯ್ಯ ದನಿ ತಗ್ಗಿಸಿದರು.

"ಈ ಸಲ ಹೇಳೇಬಿಡ್ತೀನಿ ಮಾರಾಯ. ಎಷ್ಟು ದಿವ್ಸ ಅಂತ ಹೊತ್ಕೊಂಡಿರೋದು. ಕನ್ನಮ್ಮನ್ನೂ ಕರ್ಕೊಂಡು ಬಾ."

ಜಟ್ಟಿಂಗಪ್ಪ ಬಾಯಲ್ಲಿದ್ದ ಕವಳವನ್ನು ಅರ್ಧಕ್ಕೇ ಉಗಿದು ಒಳಗೆ ಹೋದ. ಟ್ರಂಕು ತೆಗೆದು, ಅಡಿಯಲ್ಲಿ ಹಸಿರು ಬಾವುಟದ ತುಂಡಿನಲ್ಲಿ ಸುತ್ತಿಟ್ಟಿದ್ದ ವಸ್ತುವನ್ನು ಮುಟ್ಟಿ ನೋಡಿ, ಮತ್ತೆ ಮುಚ್ಚಿದ.

"ಎಂಥಾ ಹುಡುಕ್ತಿದೀರಿ?" ಅಡುಗೆಮನೆಯಿಂದ ಕನ್ನಮ್ಮ.

"ಏನಿಲ್ಲ. ಭಾನುವಾರ ನೀನು ಆ ಕೆಂಪಂಚಿನ ಸೀರೆ ಉಟ್ಕೋ."

"ಯಾರ ಮದ್ವೆ?"

"ಗೂಡ್ಸ್ ಗಾಡೀದು."

ಅವಳು ನಕ್ಕಳು. ಅವನು ನಗಲಿಲ್ಲ.

ನೇರಲಗೊಪ್ಪ ಎಂಬ ಸ್ಟೇಷನ್ನು ಈಗ ಇಲ್ಲ. ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕಿದಾಗ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಇದ್ದಾಗಲೂ ಅಲ್ಲಿದ್ದದ್ದು ಎರಡು ಹಳಿ, ಮರ ತುಂಬಲು ಪಕ್ಕಕ್ಕೆ ಸರಿದ ಒಂದು ನಾಟಾ ಸೈಡಿಂಗು, ಹಂಚಿನ ಕೋಣೆ, ನಾಲ್ಕು ಕ್ವಾರ್ಟರ್ಸು. ಪ್ಯಾಸೆಂಜರು ನಿಂತರೆ ನಿಂತಿತು, ಇಲ್ಲದಿದ್ದರೆ ಇಲ್ಲ. ಆ ಸ್ಟೇಷನ್ನು ಇದ್ದದ್ದೇ ಗೂಡ್ಸಿಗೆ. ಕಾಡಿನಿಂದ ಎತ್ತಿನ ಗಾಡಿಯಲ್ಲಿ, ಆಮೇಲೆ ಲಾರಿಯಲ್ಲಿ ಬಂದ ನಾಟಾ ಅಲ್ಲಿ ವ್ಯಾಗನ್ನಿಗೆ ಏರುತ್ತಿತ್ತು; ಉಪ್ಪು, ಗೊಬ್ಬರ, ಸಿಮೆಂಟು ಅಲ್ಲಿ ಇಳಿಯುತ್ತಿದ್ದವು. ಕಲ್ಲಿದ್ದಲಿನ ಇಂಜಿನ್ನು ಏದುಸಿರು ಬಿಡುತ್ತ ಏರು ಹತ್ತಿ ಬಂದು ನಿಂತರೆ ಕ್ವಾರ್ಟರ್ಸಿನ ಹೆಂಗಸರು ಬಕೀಟು ಹಿಡಿದು ಓಡುತ್ತಿದ್ದರು. ಇಂಜಿನ್ನಿನ ಬಿಸಿನೀರಿನಲ್ಲಿ ಕನ್ನಮ್ಮ ತನ್ನ ಮಗಳನ್ನು ಎರೆದು ಬೆಳೆಸಿದಳು. ಮಗುವಿನ ತಲೆಯಲ್ಲಿ ಸೀಗೆಯ ಜೊತೆ ಒಂದು ಚೂರು ಎಣ್ಣೆ, ಒಂದು ಚೂರು ಹೊಗೆ ಯಾವಾಗಲೂ ಇರುತ್ತಿತ್ತು. ಫೈರ್‌ಮನ್ ಗೋಪಾಲಪ್ಪ ಕಲ್ಲಿದ್ದಲಿನ ಸಲಿಕೆಯ ಮೇಲೆ ಹಲಸಿನ ಬೇಳೆ ಸುಟ್ಟು ಕೊಡುತ್ತಿದ್ದ. ಅಂಥ ಬೇಳೆ ಜಟ್ಟಿಂಗಪ್ಪ ಆಮೇಲೆ ಎಲ್ಲೂ ತಿಂದಿಲ್ಲ.

ಜಟ್ಟಿಂಗಪ್ಪ ಅಲ್ಲಿ ಪಾಯಿಂಟ್ಸ್‌ಮನ್. ಗಾಡಿ ಯಾವ ಹಳಿಗೆ ಹೋಗಬೇಕೋ ಆ ಹಳಿಗೆ ಕವಲು ತಿರುಗಿಸುವ ಕೆಲಸ. ನಾಟಾ ಸೈಡಿಂಗಿನ ಕವಲಿಗೆ ಒಂದು ಬೀಗವಿತ್ತು. ಕವಲು ನೇರವಾಗಿ ಕೂತು ಬೀಗ ಬಿದ್ದರೆ ಮಾತ್ರ ಅದರ ಕೀಲಿ ಹೊರಗೆ ಬರುತ್ತಿತ್ತು. ಆ ಕೀಲಿಯನ್ನು ಒಂದೂವರೆ ಫರ್ಲಾಂಗು ನಡೆದು ತಂದು ಮಾಸ್ತರರ ಕೈಗೆ ಕೊಡಬೇಕು. ಅವರು ಅದನ್ನು ಕೋಣೆಯ ಬೀಡುಕಬ್ಬಿಣದ ಪೆಟ್ಟಿಗೆಗೆ ಹಾಕಿ ತಿರುಗಿಸಿದರೆ ಮಾತ್ರ ಸಿಗ್ನಲ್ಲಿನ ಕೈ ಇಳಿಯುತ್ತಿತ್ತು. ಕೀಲಿ ಒಂದೇ. ಅದು ಕವಲಿನಲ್ಲಿದ್ದರೆ ಪೆಟ್ಟಿಗೆಯಲ್ಲಿ ಇರಲಾರದು. ಎಂಥ ದಡ್ಡನಿಗೂ ತಪ್ಪು ಮಾಡಲು ಬಾರದ ಏರ್ಪಾಟು.

ದಡ್ಡರಿಗೆ ಬಾರದ್ದು ಜಾಣರಿಗೆ ಬಂತು. ದಿನಕ್ಕೆ ನಾಲ್ಕು ಸಲ ಆ ಒಂದೂವರೆ ಫರ್ಲಾಂಗು ನಡೆಯುವುದು, ಅದೂ ಆಷಾಢದಲ್ಲಿ, ಇಬ್ಬರಿಗೂ ಬೇಸರ ತಂದಿತ್ತು. "ಇನ್ನೊಂದು ಇದ್ದಿದ್ರೆ ನೀನು ಅಲ್ಲಿಂದ ಬಾವುಟ ಬೀಸಿದ್ರೆ ಸಾಕಿತ್ತು ನೋಡು," ಎಂದರು ಒಂದು ದಿನ ಮುಕುಂದಯ್ಯ, ಯಾರಿಗೂ ಹೇಳದ ಹಾಗೆ, ಗೋಡೆಗೆ ಹೇಳಿದ ಹಾಗೆ. ಜಟ್ಟಿಂಗಪ್ಪ ಕೀಲಿಯ ಅಚ್ಚನ್ನು ಸಾಬೂನಿನಲ್ಲಿ ಒತ್ತಿ, ಕೆಳದಿಯ ಹತ್ತಿರದ ತನ್ನೂರಿನ ಆಚಾರಿಯಿಂದ ಎರಡನೆಯದನ್ನು ಮಾಡಿಸಿ ತಂದ. ಅದು ಮಾಸ್ತರರ ಮೇಜಿನ ಡ್ರಾಯರಿನಲ್ಲಿ ಚಹಾಪುಡಿಯ ಡಬ್ಬಿಯೊಳಗೆ ಉಳಿಯಿತು. ಅವನು ಕವಲಿನ ಹತ್ತಿರ ಹಸಿರು ಬಾವುಟ ಬೀಸುವುದು, ಅವರು ಕಿಟಕಿಯಿಂದ ನೋಡಿ ಎರಡನೇ ಕೀಲಿ ತಿರುಗಿಸುವುದು. ಎರಡು ವರ್ಷ ಹೀಗೇ ಸಾಗಿತು.

ಎಂಬತ್ತೇಳರ ಒಂದು ಸಂಜೆ ಜಟ್ಟಿಂಗಪ್ಪ ಕವಲು ತೆರೆದು, ಹಮಾಲರ ಜೊತೆ ಒಂದು ನಾಟಾ ವ್ಯಾಗನ್ನನ್ನು ಸೈಡಿಂಗಿಗೆ ದಬ್ಬುತ್ತಿದ್ದ. ಬಾವುಟ ಅವನ ಕಂಕುಳಲ್ಲಿ ಸುತ್ತಿಕೊಂಡೇ ಇತ್ತು. ಆದರೂ ಸಿಗ್ನಲ್ ಇಳಿಯಿತು. ಗೂಡ್ಸು ಬಂತು, ತೆರೆದ ಕವಲಿನೊಳಗೆ ನುಗ್ಗಿತು, ವ್ಯಾಗನ್ನಿಗೆ ಬಡಿಯಿತು. ಹಮಾಲರು ಹಾರಿಕೊಂಡರು. ಯಾರೂ ಸಾಯಲಿಲ್ಲ. ಕಲ್ಲಿದ್ದಲಿನ ರಾಶಿ ಜರಿದು ಗೋಪಾಲಪ್ಪನ ಬಲಗಾಲು ಮಂಡಿಯ ಕೆಳಗೆ ಎರಡು ಕಡೆ ಮುರಿಯಿತು.

ಮುಕುಂದಯ್ಯನವರಿಗೆ ಆ ದಿನ ಹೊಸನಗರದ ಮೇಲೆ ಹೋಗುವ ಕೊನೆಯ ತೀರ್ಥಹಳ್ಳಿ ಬಸ್ಸು ಹಿಡಿಯಬೇಕಿತ್ತು. ಗೂಡ್ಸು ನಲವತ್ತು ನಿಮಿಷ ತಡ.

"ಹಸಿರು ಕಂಡಂಗಾಯ್ತು ಮಾರಾಯ," ಎಂದರು, ಜಟ್ಟಿಂಗಪ್ಪನ ಎರಡೂ ಕೈ ಹಿಡಿದು. ಕಿಟಕಿಯ ಆಚೆ ಮತ್ತಿ ಮರ, ನಂದಿ ಮರ, ಕುರುಚಲು, ಹುಲ್ಲು. ಈ ಮಲೆನಾಡಿನಲ್ಲಿ ಹಸಿರು ಕಾಣದ ದಿಕ್ಕು ಯಾವುದು?

ಮೇಲಿನವರು ಬರಲು ಇನ್ನೂ ಎರಡು ತಾಸಿತ್ತು. ಆ ಎರಡು ತಾಸಿನಲ್ಲಿ ಎಲ್ಲ ಮುಗಿಯಿತು. ತಪ್ಪು ಮಾಸ್ತರರದಾದರೆ ನೌಕರಿಯೇ ಹೋಗುತ್ತದೆ, ಪಾಯಿಂಟ್ಸ್‌ಮನ್ನಿನದಾದರೆ ಬಡ್ತಿ ಮಾತ್ರ. ಕೀಲಿ ಮಾಡಿಸಿದ್ದು ಜಟ್ಟಿಂಗಪ್ಪನೇ ಅಲ್ಲವೆ? ಎರಡು ರಾತ್ರಿ ಡ್ಯೂಟಿ ಮಾಡಿದ್ದೆ, ನಿದ್ದೆಗಣ್ಣಲ್ಲಿ ಕವಲು ಸರಿಯಾಗಿ ಕೂರುವ ಮೊದಲೇ ಬೀಗವನ್ನು ಬಡಿದು ಕೀಲಿ ಎಳೆದು ಕೊಟ್ಟೆ ಎಂದು ಅವನು ಬರೆದುಕೊಟ್ಟ. ಕವಲು ಹೇಗೂ ಇಂಜಿನ್ನಿನಡಿಯಲ್ಲಿ ಅಪ್ಪಚ್ಚಿಯಾಗಿತ್ತು. ಹಮಾಲರಿಗೆ ಕೀಲಿ, ಬೀಗದ ಲೆಕ್ಕ ತಿಳಿಯದು. ನೋಡಿ ಹೇಳುವವರು ಯಾರು?

"ನಾನು ರಿಟೈರಾದ ದಿವ್ಸ ಎಲ್ರ ಎದುರು ನಿಜ ಹೇಳ್ತೀನಿ. ತಾಯಾಣೆ," ಎಂದಿದ್ದರು ಮುಕುಂದಯ್ಯ. "ಅಲ್ಲೀತನಕ ಕನ್ನಮ್ಮಂಗೂ ಹೇಳ್ಬೇಡ. ಹೆಂಗಸ್ರ ಬಾಯಿ. ಆ ಎರಡನೇದನ್ನ ಕೆರೆಗೆ ಎಸೆದುಬಿಡು."

ಹೇಳಲಿಲ್ಲ, ಸರಿ. ಎಸೆಯಲೂ ಇಲ್ಲ.

ಅಂದಿನಿಂದ ಅವನು ಈ ಲೈನಿಗೆಲ್ಲ ನಿದ್ದೆ ಜಟ್ಟಿಯಾದ. ಪಾಯಿಂಟ್ಸ್‌ಮನ್ನಾಗಿಯೇ ನಿವೃತ್ತನಾದ. ಮಾಸ್ತರರ ಬೀಳ್ಕೊಡುಗೆಗೆ ಹೋಗಿದ್ದ, ಮುಂದಿನ ಸಾಲಿನಲ್ಲಿ ಕೂತಿದ್ದ. ಮಾಸ್ತರರು ಎಲ್ಲರನ್ನೂ ನೆನೆದರು, ನಿಜವೊಂದನ್ನು ಬಿಟ್ಟು. "ಹಾರದ ಗಡಿಬಿಡೀಲಿ ಬಿಟ್ಟೇಹೋಯ್ತು ಮಾರಾಯ," ಎಂದಿದ್ದರು ಆಮೇಲೆ.

ಪ್ರತಿ ದೀಪಾವಳಿಗೆ ಜಟ್ಟಿಂಗಪ್ಪ, ಕನ್ನಮ್ಮ ಕಬ್ಬಿನ ಹಾಲು ಕಾಯಿಸಿ ಇಳಿಸಿದ ಒಂದು ಡಬ್ಬಿ ಜೋನಿ ಬೆಲ್ಲ ಹಿಡಿದು ಗೋಪಾಲಪ್ಪನ ಮನೆಗೆ ಹೋಗುತ್ತಿದ್ದ. ತಪ್ಪು ಒಪ್ಪಿಕೊಂಡ ಮೇಲೆ ಆ ಕಾಲೂ ತನ್ನ ತಲೆಗೇ ಬಂತೆಂದು ಅವನ ಲೆಕ್ಕ. ಗೋಪಾಲಪ್ಪ ಕೋಲೂರಿಕೊಂಡು ಬಂದು ಡಬ್ಬಿ ಇಸಿದುಕೊಳ್ಳುತ್ತಿದ್ದ. ಒಂದು ದಿನವೂ ಒಂದು ಬಿರುಸು ಮಾತಾಡಿದವನಲ್ಲ. ದೇವರಂಥ ಮನುಷ್ಯ ಎಂದು ಜಟ್ಟಿಂಗಪ್ಪ ಹೆಂಡತಿಗೆ ಹೇಳುತ್ತಿದ್ದ.

ಭಾನುವಾರ ಬೆಳಗ್ಗೆ ಸಾಗರದ ಸ್ಟೇಷನ್ನಿನ ಹತ್ತಿರ ಒಂದು ಹಳೇ ಗೋದಾಮಿನಲ್ಲಿ ಕಾರ್ಯಕ್ರಮ. ನಡೆಸುವವನು ಪ್ರದೀಪ ಎಂಬ ಕಾಲೇಜು ಮೇಷ್ಟ್ರು, ಇಂಜಿನ್ನಿನ ಚಿತ್ರವಿರುವ ಬನಿಯನ್ನು ತೊಟ್ಟಿದ್ದ. ಅವನ ಜೊತೆಯ ಹುಡುಗ ಹುಡುಗಿಯರೂ ಅದನ್ನೇ ತೊಟ್ಟಿದ್ದರು. ಕಲ್ಲಿದ್ದಲಿನ ಇಂಜಿನ್ನನ್ನು ಕಣ್ಣಲ್ಲಿ ಕಾಣದವರು ಅದರ ಚಕ್ರದ ಲೆಕ್ಕ, ನಂಬರು, ಹುಟ್ಟಿದ ವರ್ಷ ಎಲ್ಲ ಒಪ್ಪಿಸುತ್ತಿದ್ದರು. ಒಬ್ಬಳು ಫೋನಿನಿಂದ ಹಳೇ ಶಿಳ್ಳೆಯ ಸದ್ದು ಹಾಕಿದಳು. ಕನ್ನಮ್ಮ ತಟಕ್ಕನೆ ತಿರುಗಿದಳು.

"ಕೇಳ್ತಾ? ಬಕೀಟು ಎಲ್ಲಿ ಅಂತ ಕೈ ಹುಡುಕ್ತು ನಂದು," ಎಂದು ನಕ್ಕಳು. ಅವಳ ಕಣ್ಣು ಒದ್ದೆಯಾಗಿತ್ತು.

ಬಾಗಿಲ ಪಕ್ಕದ ಮೇಜಿನ ಮೇಲೆ ಹಳೇ ಸಾಮಾನು. ಸೀಮೆಎಣ್ಣೆಯ ಕೈದೀಪ, ಓಡುವ ಇಂಜಿನ್ನಿಗೆ ಟೋಕನ್ ದಾಟಿಸುವ ಬೆತ್ತದ ಬಳೆ, ಬಾವುಟಗಳು. ನಡುವೆ, ಕರಿ ಬಣ್ಣ ಬಳಿದುಕೊಂಡು, ನೇರಲಗೊಪ್ಪದ ಬೀಡುಕಬ್ಬಿಣದ ಪೆಟ್ಟಿಗೆ. ಪ್ರದೀಪ ಅದನ್ನು ಭದ್ರಾವತಿಯ ಗುಜರಿಯಿಂದ ಬಿಡಿಸಿ ತಂದಿದ್ದನಂತೆ, ಅದರ ಹಿಡಿಕೆ, ಕೀಲಿ ಸಮೇತ. ಮುಂದೆ ಒಂದು ರಟ್ಟು: "ಇಡೀ ಲೋಕದಲ್ಲಿ ಒಂದೇ ಕೀಲಿ ಇರುವ ಬೀಗ."

ಜಟ್ಟಿಂಗಪ್ಪ ಅಂಗಿಯ ಜೇಬನ್ನು ಹೊರಗಿನಿಂದ ಒತ್ತಿ ನೋಡಿಕೊಂಡ.

ಗೋಪಾಲಪ್ಪ ಆಗಲೇ ಬಂದು ಮುಂದಿನ ಕುರ್ಚಿಯಲ್ಲಿ ಕೋಲು ಊರಿ ಕೂತಿದ್ದ. ಈ ವರ್ಷ ದೀಪಾವಳಿಗೆ ಹೋಗಲಾಗಿರಲಿಲ್ಲವೆಂದು ಜಟ್ಟಿಂಗಪ್ಪ ಬೆಲ್ಲದ ಡಬ್ಬಿಯನ್ನು ಇಲ್ಲಿಗೇ ತಂದಿದ್ದ. ಗೋಪಾಲಪ್ಪ ಅದನ್ನು ಎಂದಿನಂತೆ ಇಸಿದುಕೊಂಡು ಚೀಲಕ್ಕೆ ಹಾಕಿಕೊಂಡ. ಮುಕುಂದಯ್ಯ ಬಿಳಿ ಪಂಚೆ, ಬಿಳಿ ಅಂಗಿಯಲ್ಲಿ ಕಾರಿನಿಂದ ಇಳಿದು, ಜಟ್ಟಿಂಗಪ್ಪನ ಹೆಗಲು ತಟ್ಟಿ ವೇದಿಕೆಗೆ ಹೋದರು.

ಅವರು ಚೆನ್ನಾಗಿ ಮಾತಾಡಿದರು. ಮೊದಲಿನಿಂದಲೂ ಮಾತುಗಾರರೇ. ಕತ್ತಲಲ್ಲಿ ಏರು ಹತ್ತುವ ಇಂಜಿನ್ನಿನ ಕಿಡಿ, ವ್ಯಾಗನ್ನಿನ ಬಾಗಿಲಲ್ಲಿ ಸುಣ್ಣದಲ್ಲಿ ಬರೆದ ಊರುಗಳು, ಗಾರ್ಡಿನ ಡಬ್ಬಿಯಲ್ಲಿ ಬೇಯುತ್ತಿದ್ದ ಅನ್ನ ಎಲ್ಲವನ್ನೂ ಕಣ್ಣಿಗೆ ಕಟ್ಟಿದರು.  ಇಂಥ ಮಾತಿನ ಕೊನೆಗೆ ನಿಜ ಬರುವುದೇ ಸರಿ ಎಂದು ಜಟ್ಟಿಂಗಪ್ಪನಿಗೆ ಅನ್ನಿಸಿತು.

"ಕೊನೇಗೆ ಒಂದು ಮಾತು ಹೇಳ್ಲೇಬೇಕು," ಎಂದರು ಮುಕುಂದಯ್ಯ. "ನಮ್ಮ ಜಟ್ಟಿಂಗಪ್ಪ ಇಲ್ಲೇ ಕೂತಿದಾನೆ."

ಅವನು ಕುರ್ಚಿಯಲ್ಲಿ ನೆಟ್ಟಗಾದ. ಕನ್ನಮ್ಮನ ಮೊಣಕೈ ಮುಟ್ಟಿ, "ಕೇಳು," ಎಂದ.

"ಇವ್ನಿಗೆ ನಿಂತಲ್ಲೇ ನಿದ್ದೆ. ಕುದುರೆ ಜಾತಿ. ಬಾವುಟ ಹಿಡ್ಕೊಂಡು ನಿಂತ ಅಂದ್ರೆ ಕಾಗೆ ಬಂದು ತಲೆ ಮೇಲೆ ಕೂತು ಊರಿಗೆಲ್ಲ ಕೂಗ್ಬೇಕು, ಆವಾಗ ಎಚ್ಚರ!" ಗೋದಾಮು ನಕ್ಕಿತು. "ಒಂದು ಸಂಜೆ ಹಿಂಗೇ, ನಿದ್ದೆಗಣ್ಣಲ್ಲಿ ಅರ್ಧ ಕೂತ ಕವಲಿಗೆ ಬೀಗ ಜಡಿದು ಬಂದು, 'ತಗಳಿ ಮಾಸ್ಟ್ರೇ ಕೀಲಿ' ಅಂದ. ನಾನು ನಂಬ್ದೆ. ಗಾಡಿ ನೆಟ್ಟಗೆ ನಾಟಾ ಸೈಡಿಂಗಿಗೆ! ಡ್ರೈವರ್ರು ಇಳಿದು ಬಂದು ಕೇಳ್ತಾರೆ, 'ಏನಯ್ಯಾ, ಇಂಜಿನ್ನನ್ನೂ ಕುಯ್ದು ಹಲಗೆ ಮಾಡ್ತೀರಾ?' ಅಂತ."

ನಗೆ ಏರಿತು. ಹುಡುಗರು ಕುರ್ಚಿ ಬಡಿದರು. ಮುಕುಂದಯ್ಯ ಕೈಯೆತ್ತಿ ಸುಮ್ಮನಾಗಿಸಿ, ಮೆತ್ತಗಿನ ದನಿಯಲ್ಲಿ, "ಆದ್ರೆ ಬಂಗಾರದಂಥ ಮನುಷ್ಯ. ನಾನು ಆವತ್ತೇ ಕ್ಷಮಿಸಿಬಿಟ್ಟೆ," ಎಂದರು. ಚಪ್ಪಾಳೆ.

ಜಟ್ಟಿಂಗಪ್ಪ ಪಕ್ಕಕ್ಕೆ ನೋಡಿದ. ಕನ್ನಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಎಷ್ಟೋ ವರ್ಷದಿಂದ ಈ ಮಾತಿಗೆ ನಕ್ಕು ನಕ್ಕು ಕಲಿತವಳ ನಗು.

ಹೆಸರು ಕರೆದು ಶಾಲು ಹೊದಿಸಿದರು. ಶಾಲು ಹೊದ್ದವನು ತನ್ನ ಕುರ್ಚಿಗೆ ಮರಳದೆ ಬಾಗಿಲ ಬಳಿಯ ಮೇಜಿಗೆ ನಡೆದ. ಪೆಟ್ಟಿಗೆಯ ಕೀಲಿಯನ್ನು ಹೊರಗೆ ತೆಗೆದು ಎಲ್ಲರಿಗೂ ಕಾಣುವಂತೆ ಪಕ್ಕಕ್ಕಿಟ್ಟ. ಜೇಬಿನಿಂದ ಬಾವುಟದ ತುಂಡು ತೆಗೆದು, ಬಿಚ್ಚಿ, ಎರಡನೇ ಕೀಲಿಯನ್ನು ಹಾಕಿ ತಿರುಗಿಸಿ, ಹಿಡಿಕೆ ಎಳೆದ. ಅದು ಖಳ್ ಎಂದು ಇಳಿಯಿತು. ಆಚಾರಿಯ ಕೈ ಚೆನ್ನಾಗಿತ್ತು.

 ಪ್ರದೀಪ ಓಡಿ ಬಂದ.

"ಅಜ್ಜ! ಎರಡನೇ ಕೀಲಿ ಇತ್ತಾ?"

"ಇತ್ತು. ಮಾಸ್ಟ್ರ ಡ್ರಾಯರಲ್ಲಿ, ಚಾಪುಡಿ ಡಬ್ಬೀಲಿ." ಅವನು ವೇದಿಕೆಯತ್ತ ತಿರುಗಿದ. "ಹೇಳಿ ಮಾಸ್ಟ್ರೇ. ಇತ್ತೋ ಇಲ್ವೋ?"

ಮುಕುಂದಯ್ಯನವರ ಮುಖದಲ್ಲಿ ಏನೋ ಒಂದು ಬಂದು ಹೋಯಿತು. ಜಟ್ಟಿಂಗಪ್ಪ ಅದನ್ನು ಕಂಡ. ಮೈಕಿನಲ್ಲಿ ದೊಡ್ಡ ನಗು ಕೇಳಿತು.

"ಅಯ್ಯೋ ಕಳ್ಳಾ! ಡೂಪ್ಲಿಕೇಟ್ ಮಾಡಿಸಿಟ್ಕೊಂಡಿದ್ಯನೋ? ನಡೆಯೋ ಸೋಮಾರಿತನಕ್ಕೆ? ನೋಡಿ, ನಂಗೇ ಇವತ್ತು ಗೊತ್ತಾಗಿದ್ದು! ಯಾರು ಮಾಡಿಸಿದ್ದೋ, ನಿಜ ಹೇಳು?"

"ಮಾಡ್ಸಿದ್ದು ನಾನೇ. ಆದ್ರೆ..."

"ಒಪ್ಕೊಂಡ ನೋಡಿ!"

ಈ ಸಲದ ನಗೆ ಮೊದಲಿನದಕ್ಕಿಂತ ದೊಡ್ಡದಿತ್ತು. ಹಳೇ ಸ್ನೇಹಿತರ ಕಾಲೆಳೆದಾಟ ಎಂದು ಎಲ್ಲರೂ ತಿಳಿದರು. "ಆವತ್ತು ನಾನು ಬಾವುಟ ಬೀಸಲೇ ಇಲ್ಲ," ಎಂದು ಜಟ್ಟಿಂಗಪ್ಪ ಹೇಳಿದ್ದು ಪಕ್ಕದಲ್ಲಿದ್ದ ಹುಡುಗಿಯೊಬ್ಬಳಿಗೆ ಕೇಳಿತು. ಅವಳು, "ಸೋ ಸ್ವೀಟ್ ಅಜ್ಜ," ಎಂದು ಫೋಟೊ ತೆಗೆದಳು. ಪ್ರದೀಪ ಹೊಸ ರಟ್ಟು ತಂದು ದಪ್ಪ ಪೆನ್ನಿನಲ್ಲಿ ಬರೆದ: "ಎರಡನೇ ಕೀಲಿ. ಪಾಯಿಂಟ್ಸ್‌ಮನ್ ಜಟ್ಟಿಂಗಪ್ಪ ಗುಟ್ಟಾಗಿ ಮಾಡಿಸಿದ್ದು." ಅದನ್ನು ದಾರದಿಂದ ಕೀಲಿಗೆ ಕಟ್ಟಿದ. ಅಕ್ಷರ ದುಂಡಗಿತ್ತು.

ತಿಂಡಿಗೆ ಬಿಟ್ಟಾಗ ಮುಕುಂದಯ್ಯನವರ ಸುತ್ತ ಹುಡುಗರು ಮುತ್ತಿಕೊಂಡಿದ್ದರು. ಜಟ್ಟಿಂಗಪ್ಪ ಹೊರಗೆ ಬಂದ. ಗೋಪಾಲಪ್ಪ ಕಲ್ಲುಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ, ಚೀಲ ಪಕ್ಕದಲ್ಲಿ.

"ನೀನು ಅದನ್ನ ತರ್ಬಾರ್ದಿತ್ತು ಜಟ್ಟಣ್ಣ."

"ನೀನಾದ್ರೂ ಕಂಡ್ಯಲ್ಲ ಗೋಪಾಲಪ್ಪ? ಪೆಟ್ಟಿಗೆ ತಿರುಗಿದ್ದು ಕಂಡ್ಯಲ್ಲ? ನಿನ್ನ ಕಾಲು ಮುರಿದಿದ್ದು ನನ್ನ ನಿದ್ದೆ ಅಲ್ಲ ಮಾರಾಯ."

ಗೋಪಾಲಪ್ಪ ಕೋಲಿನ ತುದಿಯಿಂದ ಒಂದು ಜಲ್ಲಿಕಲ್ಲನ್ನು ಆ ಕಡೆ ಈ ಕಡೆ ಮಾಡಿದ.

"ಗೊತ್ತಿತ್ತು."

"ಎಂಥ ಗೊತ್ತಿತ್ತು?"

"ಎಲ್ಲ. ಆಸ್ಪತ್ರೇಲಿದ್ದಾಗ್ಲೇ ಮಾಸ್ಟ್ರು ಬಂದು ನನ್ನ ಕಾಲ ಹತ್ರ ಕೂತ್ಕೊಂಡು ಅತ್ರು. ಕೀಲಿ ವಿಷ್ಯ, ಬಸ್ಸಿನ ವಿಷ್ಯ, ಎಲ್ಲ ಹೇಳಿದ್ರು. ಜಟ್ಟಿ ಒಪ್ಕೊಂಡಿದಾನೆ, ನೀನು ಬಾಯಿ ಬಿಡ್ಬೇಡ ಅಂದ್ರು. ನೀನೇ ಒಪ್ಕೊಂಡ ಮೇಲೆ ಮಧ್ಯೆ ನಾನ್ಯಾರು?"

ದೂರದಲ್ಲಿ ತಾಳಗುಪ್ಪದ ಕಡೆಗೆ ಹೋಗುವ ಗಾಡಿಯ ಘೋಷಣೆ ಮೂರು ಭಾಷೆಯಲ್ಲಿ ಬಂದು ಮುಗಿಯಿತು.

"ಮತ್ತೆ ಬೆಲ್ಲ?" ಎಂದ ಜಟ್ಟಿಂಗಪ್ಪ.

"ನೀನು ತರ್ತಿದ್ದೆ. ಬೇಡ ಅಂದ್ರೆ ಎಂಥಕ್ಕೆ ಬೇಡ ಅಂತ ಹೇಳ್ಬೇಕಾಗ್ತಿತ್ತು." ಸಮಾಧಾನ ಮಾಡುವವನಂತೆ, "ಬೆಲ್ಲ ಚೆನ್ನಾಗಿರ್ತಿತ್ತು," ಎಂದ.

 ಮುಕುಂದಯ್ಯ ಹೇಳಲಾರರು ಎಂಬುದು ಜಟ್ಟಿಂಗಪ್ಪನ ಒಳಗೆಲ್ಲೋ ಮೊದಲೇ ಗೊತ್ತಿತ್ತೇನೋ. ಆದರೆ ಈ ಮನುಷ್ಯನ ಮೌನವನ್ನು ಅವನು ಕ್ಷಮೆ ಎಂದು ತಿಳಿದಿದ್ದ. ಮೂವತ್ತಾರು ದೀಪಾವಳಿ ಅದರ ಎದುರು ತಲೆ ತಗ್ಗಿಸಿ ನಿಂತಿದ್ದ.

ಹಿಂದಿನಿಂದ ಒಂದು ಕೈ ಬಂದು ಬೆಂಚಿನ ಮೇಲಿನ ಚೀಲಕ್ಕೆ ಇಳಿಯಿತು. ಕನ್ನಮ್ಮ. ಎರಡು ತಟ್ಟೆ ಕೇಸರಿಬಾತು ಹಿಡಿದು ಬಂದವಳು ಯಾವಾಗಿನಿಂದ ನಿಂತಿದ್ದಳೋ, ತಟ್ಟೆಗಳು ನೆಲದ ಮೇಲಿದ್ದವು. ಡಬ್ಬಿಯನ್ನು ಹೊರಗೆಳೆದು ಕಂಕುಳಿಗೆ ಇಟ್ಟುಕೊಂಡಳು.

"ಕನ್ನಮ್ಮಕ್ಕ, ಅದು..." ಎಂದ ಗೋಪಾಲಪ್ಪ.

"ಉಳಿದ ಮೂವತ್ತಾರು ಡಬ್ಬಿ ನೀವೇ ಇಟ್ಕೊಳಿ ಗೋಪಾಲಣ್ಣ. ಇದು ನಂದು. ಒಲೆ ಮುಂದೆ ಬೆಂದಿದ್ದು ನಾನು."

ಅವಳು ರಸ್ತೆಯ ಕಡೆಗೆ ನಡೆದಳು. ಜಟ್ಟಿಂಗಪ್ಪ ಶಾಲನ್ನು ಬೆಂಚಿನ ಮೇಲೆ ಬಿಟ್ಟು ಹಿಂದೆಯೇ ಹೊರಟ. ಒಳಗೊಳಗೇ ಒಂದು ಸಣ್ಣ ಹಗುರ. ಕೊನೆಗೂ ಅವಳಿಗೆ ಗೊತ್ತಾಯಿತಲ್ಲ, ಯಾರ ಬಾಯಿಂದಾದರೇನು.

ರೈಲ್ವೆ ಗೇಟು ಹಾಕಿತ್ತು. ಅವಳು ನಿಂತಳು, ಅವನೂ ಪಕ್ಕದಲ್ಲಿ ನಿಂತ.

"ಕೇಳಿದ್ಯಲ್ಲ ಕನ್ನೀ? ನಾನು ಮಲಗಿರ್ಲಿಲ್ಲ."

ಅವಳು ಹಳಿಯನ್ನೇ ನೋಡುತ್ತಿದ್ದಳು.

"ಅದಾದ್ಮೇಲೆ ಎಷ್ಟು ವರ್ಷ ಸರ್ವೀಸು ಮಾಡಿದ್ರಿ?"

"ಇಪ್ಪತ್ತೊಂಬತ್ತು."

"ನಿಮ್ಗೆ ರಾತ್ರಿ ಡ್ಯೂಟಿ ಇದ್ದಾಗೆಲ್ಲ ನಾನು ಎಂಥ ಮಾಡ್ತಿದ್ದೆ?"

ಅವನಿಗೆ ಗೊತ್ತಿತ್ತು. ಇನ್ನೊಂದು ಸಲ ನಿದ್ದೆ ಹೋದರೆ ನೌಕರಿಯೇ ಹೋಗುತ್ತದೆಂದು ಅವಳು ಎರಡು ಗಂಟೆಗೆ ಎದ್ದು, ಚಾ ಕಾಸಿ, ಫ್ಲಾಸ್ಕು ಹಿಡಿದು ಕ್ಯಾಬಿನ್ನಿಗೆ ಬರುತ್ತಿದ್ದಳು. ಬೆಳಗಾಗುವ ತನಕ ಅವನೆದುರು ಕೂತು, ಏನಾದರೊಂದು ಮಾತಾಡಿಸುತ್ತ, ಅವನ ಕಣ್ಣನ್ನೇ ನೋಡುತ್ತಿದ್ದಳು. ಅವನು ಚಾ ಕುಡಿಯುತ್ತಿದ್ದ. ಚಾ ಚೆನ್ನಾಗಿರುತ್ತಿತ್ತು.

"ಮಾಸ್ಟ್ರಿಗೆ ಗೊತ್ತು. ಗೋಪಾಲಣ್ಣಂಗೆ ಗೊತ್ತು. ನಿಮ್ಗೆ ಗೊತ್ತು," ಎಂದಳು.

"ಮಾತು ಕೊಟ್ಟಿದ್ದೆ ಕನ್ನೀ..."

ಗಾಡಿ ಬಂತು. ಕರೆಂಟಿನ ಇಂಜಿನ್ನು, ಹೊಗೆಯಿಲ್ಲ, ಏದುಸಿರಿಲ್ಲ, ಬಿಸಿನೀರಿಲ್ಲ. ಹೋಯಿತು. ಗೇಟು ಎದ್ದಿತು.

"ನೀವು ತಿಂಡಿ ತಿಂದು ಬನ್ನಿ," ಎಂದಳು ಕನ್ನಮ್ಮ, ಡಬ್ಬಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿ. "ನಂಗೆ ನಿದ್ದೆ ಬರ್ತಿದೆ. ನಾನು ಮನೆಗೆ ಹೋಗಿ ಮಲಗ್ತೀನಿ."